ಬತ್ತೆ ಅಂದವನು

"ಹ್ವಾಯ್! ಅಲ್ಲೆಂತಕ್ಕೆ ನಿಂತದ್ದ್? ಕಲ್ಲ್ ತಲಿ ಮೇಲ್ ಬಿದ್ರೆ ಯಾರ್ ಜವಾಬ್ದಾರಿ?"

ಶಾಂಭವಿ ಬೆಚ್ಚಿ ತಲೆ ಎತ್ತಿದಳು. ನೆತ್ತಿಯ ಮೇಲೆ ಹಿಟಾಚಿ ಯಂತ್ರದ ಬಕೆಟ್, ಅದರೊಳಗೆ ದೊಡ್ಡ ಬಂಡೆ! ಕೈಯಲ್ಲಿದ್ದ ಪಿಟೀಲಿನ ಪೆಟ್ಟಿಗೆ ಮರಳಿಗೆ ಬಿತ್ತು.

"ನಿಮ್ಮನ್ನೇ ಹುಡ್ಕಂಡ್ ಬಂದದ್ದ್... ಈ ಮಿಷನ್ ನನ್ನ ಪಿಟೀಲ್ ಕಛೇರಿಗೆ ಬೇಕಿತ್ತ್."

ಕ್ಯಾಬಿನ್ನಿನಲ್ಲಿದ್ದ ಉಲ್ಲಾಸ್ ಜೋರಾಗಿ ನಕ್ಕ. "ಪಿಟೀಲಿಗ್ ಹಿಟಾಚಿ ಪಕ್ಕವಾದ್ಯವಾ? ಲಾಯ್ಕಿತ್ತ್ ಮರಾಯ್ರೆ!"

ನಕ್ಕವನೇ ಒಪ್ಪಿಕೊಂಡ.

ಮರವಂತೆಯಲ್ಲಿ ಕಡಲ್ಕೊರೆತ ತಡೆಯಲು ತಂದು ಸುರಿದ ಬಂಡೆಗಳ ಮೇಲೆ ಅವನು ಬಕೆಟ್ಟಿನ ಹಲ್ಲಿನಿಂದ ತಾಳ ಬಡಿಯಬೇಕು, ಅವಳು ನುಡಿಸಬೇಕು. ಕೊನೆಯಲ್ಲಿ ಅವಳು ಬಕೆಟ್ ಹತ್ತಬೇಕು, ಅವನು ಅಲೆಗಳ ಮೇಲಕ್ಕೆ ಎತ್ತಿ ಹಿಡಿಯಬೇಕು.

ಅಭ್ಯಾಸ ಸಾಗಿದಂತೆ ಅವಳಿಗೊಂದು ವಿಷಯ ಅರ್ಥವಾಯಿತು. ಏಣಿ ಹತ್ತಲೂ ಹೆದರುವ ತನಗೆ, ಲಿವರ್ ಮೇಲೆ ಅವನ ಕೈ ಇದ್ದರೆ ಮಾತ್ರ ಭಯವಿಲ್ಲ!

ಕಾರ್ಯಕ್ರಮದ ಹಿಂದಿನ ದಿನ ಅಪ್ಪ ದಾಮೋದರ ಐತಾಳರು ಕೋಟದಿಂದ ಬಂದರು. ಬಂದವರ ಕಣ್ಣು ಸುಮ್ಮನಿರಲಿಲ್ಲ.

"ಅವ ಯಾರ್ ಹೆಣೆ? ನಿನ್ನೊಟ್ಟಿಗೆ ಅಷ್ಟ್ ನಗಾಡುವವ?" ಮಗಳನ್ನು ಕೇಳಿದರು.

"ಯಾರೂ ಅಲ್ಲ ಅಪ್ಪಯ್ಯ... ಮಿಷನ್ ಒಟ್ಟಿಗ್ ಬಂದವ."

ಬೆನ್ನ ಹಿಂದೆ ಉಲ್ಲಾಸ್ ಚಹಾ ಹಿಡಿದು ನಿಂತಿದ್ದ. ಲೋಟಗಳನ್ನು ಬಂಡೆಯ ಮೇಲಿಟ್ಟ.

"ಬತ್ತೆ" ಎಂದ. ಬರುತ್ತೇನೆಂದು ಅಷ್ಟೇ ಹೇಳಿ ತನ್ನೂರು ಬೈಂದೂರಿನ ಬಸ್ಸು ಹತ್ತಿದ.

ಮರುದಿನ ಸೂರ್ಯ ಕಡಲಿಗೆ ಇಳಿಯುತ್ತಿದ್ದ. ಜನ ಹೆದ್ದಾರಿಯವರೆಗೂ ನಿಂತಿದ್ದರು. ಕ್ಯಾಬಿನ್ ಖಾಲಿ. ಅವನ ಫೋನ್ ಬೆಳಗಿನಿಂದ ಸ್ವಿಚ್ ಆಫ್.

'ಹೋಗೇಬಿಟ್ಟ... ನಾನೇ ಕಳಿಸಿದೆ.'

ಇನ್ನೊಂದು ಹಿಟಾಚಿ ಓಡಿಸುವ ಜಿತೇಂದ್ರ ಬಂದ. "ತಾಳವೂ ನಾನೇ ಹಾಕ್ತೆ, ನಾನೇ ಎತ್ತುತ್ತೆ, ಬನ್ನಿ. ಎಂತ ಹೆದ್ರಿಕೆ?"

ಹತ್ತಿದರೆ ಜೀವ ಬಾಯಿಗೆ ಬರುತ್ತದೆ. ಹತ್ತದಿದ್ದರೆ ಕಾರ್ಯಕ್ರಮವೇ ನಿಲ್ಲುತ್ತದೆ. ಆದರೆ ಎದೆ ಹಿಂಡುತ್ತಿದ್ದುದು ಅವೆರಡೂ ಅಲ್ಲ.

ಅವಳು ಮೈಕ್ ಹಿಡಿದಳು. ಮುಂದಿನ ಸಾಲಿನಲ್ಲೇ ಅಪ್ಪ.

"ಅಪ್ಪಯ್ಯ... ನಿನ್ನೆ ನಾನ್ ಹೇಳಿದ್ದ್ ಸುಳ್ಳ್. ಉಲ್ಲಾಸ್ ಬರೀ ಮಿಷನ್ ಒಟ್ಟಿಗ್ ಬಂದವರಲ್ಲ. ಅವರಿಲ್ದೆ ನಾನ್ ಹತ್ತುದಿಲ್ಲ. ಇವತ್ತೂ... ಮುಂದೆಯೂ."

ಜನರಲ್ಲಿ ಗುಸುಗುಸು ಎದ್ದಿತು. ಐತಾಳರ ಮುಖ ಕೆಂಪಾಯಿತು.

"ಹ್ವಾಯ್, ದಾರಿ ಬಿಡಿ!"

ಹೆದ್ದಾರಿಯ ಕಡೆಯಿಂದ ಜನರನ್ನು ತಳ್ಳಿಕೊಂಡು ಉಲ್ಲಾಸ್ ಬರುತ್ತಿದ್ದ. ಏದುಸಿರು.

"ಬಸ್ಸ್ ತಡ ಆಯ್ತ್. ಅಷ್ಟಕ್ಕೆ ಇಡೀ ಊರಿಗ್ ಕೇಂಬಂಗೆ ಹೇಳುದಾ? ನಿನ್ನೆಯೇ ಹೇಳಿದ್ನಲ್ದಾ, ಬತ್ತೆ ಅಂದ್!"

"ಹೋಪವರೆಲ್ಲ ಬತ್ತೆ ಅಂದೇ ಅಲ್ದಾ ಹೇಳುದ್!" ಅವಳ ಕಣ್ಣು ತುಂಬಿತು. "ಫೋನ್ ಯಾಕ್ ಆಫ್ ಮಾಡಿದ್ದ್?"

"ಬೇಜಾರಾಯ್ತ್, ಮಾಡ್ದೆ. ಬಪ್ಪುದಿಲ್ಲ ಅಂದ್ ಹೇಳಿದ್ನಾ?"

ಅವನು ಕ್ಯಾಬಿನ್ ಹತ್ತಿದ. ಬಂಡೆಯ ಮೇಲೆ ಮೊದಲ ತಾಳ ಬಿತ್ತು.

ಕೊನೆಗೆ ಅವಳು ಬಕೆಟ್ ಹತ್ತಿದಾಗ ಮುಂದಿನ ಸಾಲಿನಿಂದ ಒಂದು ಕೂಗು ಕೇಳಿತು.

"ಹೆಣೆ, ಬೆಲ್ಟ್ ಸಮ ಕಟ್ಕೋ!" ಮತ್ತೆ, ಕ್ಯಾಬಿನ್ನಿನತ್ತ, "ಮಾಣಿ, ನಿಧಾನ!"

ಜನ ಚದುರಿದ ಮೇಲೆ ಇಬ್ಬರೂ ಬಂಡೆಯ ಮೇಲೆ ಕುಳಿತರು.

"ಅಪ್ಪಯ್ಯ ನಿಮ್ಗೆ ಮನೆಗೆ ಬಪ್ಪುಕೆ ಹೇಳಿರ್. ಬೈದ್ರೂ ಬೈಬಹುದ್. ಬತ್ರಿಯಾ?"

"ಬತ್ತೆ."

ಈ ಸಲ ಹಾಗೆಂದವನು ಅವಳ ಪಕ್ಕದಿಂದ ಏಳಲಿಲ್ಲ.