ಕಾಲಿಗೆ ತಾಗಿದ ಕಾಗದ

ಜುಲೈ 28, ಸೋಮವಾರ, ಬೆಳಿಗ್ಗೆ 8.40. ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ಮಾರ್ಚ್‌ನಲ್ಲೇ ಬಾಗಿಲು ಮುಚ್ಚಿದ ನರ್ಸಿಂಗ್ ಕಾಲೇಜಿನ ರಿಜಿಸ್ಟ್ರಾರ್ ರಮಾನಂದ ಠಾಣೆಗೆ ಬಂದು ದೂರು ಬರೆಸಿದ. ಕಳುವಾದದ್ದು ಒಂದು ರಟ್ಟಿನ ಪೆಟ್ಟಿಗೆ.

"ಒಳಗೆ ಏನಿತ್ತು?" ಇನ್ಸ್‌ಪೆಕ್ಟರ್ ವಂಬುಯಿ ಕೇಳಿದಳು.

"ಹಳೇ ಜಾಹೀರಾತು ಪತ್ರಗಳು."

"ಕಂಪ್ಯೂಟರ್?"

"ಅದು ಇದೆ."

"ರದ್ದಿ ಕಾಗದಕ್ಕೆ ಇಷ್ಟು ಗಾಬರಿ ಯಾಕೆ?"

ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. 'ಓದು ಮುಗಿದ ತಿಂಗಳಲ್ಲೇ ಲಂಡನ್ ಆಸ್ಪತ್ರೆಯಲ್ಲಿ ಕೆಲಸ' ಎಂದು ಕಾಲೇಜು ಸಾರಿತ್ತು. ಒಬ್ಬರಿಗೂ ಕೆಲಸ ಸಿಗಲಿಲ್ಲ. ಮೋಸಹೋದವರ ಸಾಲ ಮನ್ನಾ, ಶುಲ್ಕ ವಾಪಸ್ ಎಂದು ಈಗ ತೀರ್ಪು ಬಂದಿತ್ತು. ಆದರೆ ಅರ್ಜಿಯ ಜೊತೆ ಆ ಜಾಹೀರಾತಿನ ಮೂಲ ಪ್ರತಿ ಅಥವಾ ಪೊಲೀಸರು ದೃಢೀಕರಿಸಿದ ನಕಲು ಇರಬೇಕು. ಕೊನೆಯ ದಿನ ಮಂಗಳವಾರ, ಸಂಜೆ ಐದು. ಎರಡು ವರ್ಷದ ಹಿಂದಿನ ಕಾಗದವನ್ನು ಯಾವ ಮಕ್ಕಳು ಜೋಪಾನ ಮಾಡುತ್ತಾರೆ? ಕಾಲೇಜು ಅದನ್ನೇ ನೆಚ್ಚಿಕೊಂಡು ಕೂತಿತ್ತು.

ಬೀಗ ಒಡೆದಿರಲಿಲ್ಲ. ಕ್ಯಾಮೆರಾದಲ್ಲಿ ಭಾನುವಾರ 11.20ರ ದೃಶ್ಯ ಸಿಕ್ಕಿತು. ಕಾವಲುಗಾರ ಚರ್ಚಿಗೆ ಹೋಗಿದ್ದ ಹೊತ್ತು. ಟೋಪಿ, ಮಾಸ್ಕ್ ಹಾಕಿದ ಒಬ್ಬ ಪೆಟ್ಟಿಗೆ ಹೊತ್ತು ಹೊರಡುತ್ತಾನೆ. ಒಂದು ಹಾಳೆ ಜಾರಿ ಅವನ ಕಾಲಿಗೆ ತಾಗುತ್ತದೆ. ಅವನು ಪೆಟ್ಟಿಗೆ ಇಳಿಸಿ, ಹಾಳೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ.

"ಕಳ್ಳನಿಗೆ ಅಕ್ಷರ ಕಾಣ್ತಿರ್ಲಿಲ್ವೇನೋ," ಎಂದು ಕಾನ್‌ಸ್ಟೆಬಲ್ ಬರಾಸಾ ನಕ್ಕ. ರಮಾನಂದ ನಗಲಿಲ್ಲ. ಕೀಲಿ ಇದ್ದದ್ದು ಮೂವರ ಬಳಿ: ಅವನು, ಹತ್ತು ದಿನದಿಂದ ಮೊಂಬಾಸಾದಲ್ಲಿದ್ದ ಲೆಕ್ಕಿಗ, ಕಾಲೇಜಿನ ಸಲಹೆಗಾರ ಗಂಗಾಧರ.

ಮಂಗಳವಾರ 10.30, ಕಿಲೆಲೆಶ್ವಾ ಬಡಾವಣೆಯ ಫ್ಲ್ಯಾಟ್. ಗಂಗಾಧರರಿಗೆ ಎಪ್ಪತ್ತೊಂದು. ಮೂವತ್ತು ವರ್ಷ ಇದೇ ಊರಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು.

"ಭಾನುವಾರ ಎಲ್ಲಿದ್ದಿರಿ?" ವಂಬುಯಿ ಕೇಳಿದಳು.

"ಮನೇಲೇ."

ಬರಾಸಾನ ಪುಸ್ತಕದಿಂದ ಒಂದು ಹಾಳೆ ಜಾರಿ ಮೇಷ್ಟ್ರ ಪಾದಕ್ಕೆ ತಾಗಿತು. ಅವರು ತಟ್ಟನೆ ಬಗ್ಗಿ ಎತ್ತಿಕೊಂಡು ಕಣ್ಣಿಗೊತ್ತಿ ಹಿಂದಕ್ಕೆ ಕೊಟ್ಟರು.

"ಹೀಗೆ ಯಾಕೆ ಮಾಡಿದಿರಿ?"

"ಕಾಗದ ಅಂದ್ರೆ ವಿದ್ಯೆ, ಮೇಡಂ. ಕಾಲು ತಾಗಬಾರ್ದು." ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ತಿಳಿದುಹೋಯಿತು. "ಪೆಟ್ಟಿಗೆ ಮಂಚದ ಕೆಳಗಿದೆ," ಎಂದರು.

ಮಾಲು ಗುರುತಿಸಲು ರಮಾನಂದನನ್ನು ಕರೆಸಿದರು. ಪ್ರತಿ ಹಾಳೆಯ ಮೇಲೂ ಮೇಷ್ಟ್ರ ನಗುಮುಖವಿತ್ತು.

"ಮೇಷ್ಟ್ರೇ, ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?"

"ಮೂರು ಸಲ ಕೇಳ್ದೆ ಕಣಯ್ಯಾ. ಮೂರು ಸಲಾನೂ ನೋಡೋಣ ಅಂದೆ ನೀನು."

ಮೇಷ್ಟ್ರು ಅರವತ್ತೊಂದು ಮಕ್ಕಳ ಅರ್ಜಿಗೆ ಜಾಹೀರಾತು ಲಗತ್ತಿಸಿ ಸೋಮವಾರವೇ ಸಲ್ಲಿಸಿದ್ದರು. ಉಳಿದದ್ದು ಮರ್ಸಿ ಎಂಬ ಹುಡುಗಿಯದೊಂದೇ. ಅವಳ ತಾಯಿ ಅಟಿಯೆನೊ ಈ ಮನೆಯಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದ್ದವಳು. ಮ್ವಾಲಿಮು, ಅಂದರೆ ಮೇಷ್ಟ್ರು, ಫೋಟೊದಲ್ಲಿದ್ದಾರೆ ಎಂದು ನಂಬಿ ಮಗಳನ್ನು ಸೇರಿಸಿದ್ದಳು. ಮಾರ್ಚ್‌ನಿಂದ ಕೆಲಸಕ್ಕೆ ಬಂದಿರಲಿಲ್ಲ. ಮೇಷ್ಟ್ರು ಹೋಗಿ ತಟ್ಟಿದರೆ ಬಾಗಿಲೂ ತೆರೆಯಲಿಲ್ಲ.

ವಂಬುಯಿ ಒಂದು ಹಾಳೆಯನ್ನೂ ಬಿಡದೆ ಮಹಜರಿನಲ್ಲಿ ಬರೆದು ವಶಪಡಿಸಿಕೊಂಡಳು. 1.15ಕ್ಕೆ ಬಂಧನ ದಾಖಲಾಯಿತು. ಆಮೇಲೆ ಒಂದು ಹಾಳೆಯ ನಕಲು ತೆಗೆದು, ಠಾಣೆಯ ಮೊಹರು ಒತ್ತಿ, ಮೇಷ್ಟ್ರು ತುಂಬಿಸಿಟ್ಟಿದ್ದ ಮರ್ಸಿಯ ಅರ್ಜಿಯ ಜೊತೆ, ಅವಳ ಸಹಿ ಹಾಕಿಸಿ ಸಲ್ಲಿಸಲು ಬರಾಸಾನ ಕೈಗಿಟ್ಟಳು. ಅದನ್ನೂ ಸಮಯ ಸಹಿತ ಬರೆದಿಟ್ಟಳು.

ಹೇಳಿಕೆಯಲ್ಲಿ ಕಾರಣ ಕೇಳಿದಾಗ ಗಂಗಾಧರ ಹೇಳಿದ್ದು ಇಷ್ಟೇ: "ಆ ಮಕ್ಕಳಿಗೆ ಕಾಲೇಜು ಎಂಥದ್ದು ಅಂತಾನೂ ಗೊತ್ತಿರ್ಲಿಲ್ಲ. ನನ್ನ ಮುಖ ನೋಡಿ ಸೇರಿದ್ರು." ಇಷ್ಟು ವರ್ಷದ ಕೆಲಸದಲ್ಲಿ ಆರೋಪಿಯ ಮುಂದೆ ವಂಬುಯಿಗೆ ಅಳು ಬಂದದ್ದು ಇದೇ ಮೊದಲು.

ಸಂಜೆ 5.25ಕ್ಕೆ ಬರಾಸಾ ಮರಳಿದ. ಲಾಕಪ್ಪಿನ ಸರಳು ಹಿಡಿದು ಮೇಷ್ಟ್ರು ನಿಂತೇ ಇದ್ದರು.

"ಅರ್ಜಿ ಸೇರ್ತಾ?"

"ಸೇರಿತು. 4.50ಕ್ಕೆ."

"ಮರ್ಸಿ ಏನಾದ್ರೂ ಅಂದ್ಲಾ?"

ಬರಾಸಾ ಟೋಪಿ ತೆಗೆದ. ಸುಳ್ಳು ಹೇಳೋಣ ಅನ್ನಿಸಿತು, ಆದರೆ ಬಾಯಿ ಬರಲಿಲ್ಲ.

"ಏನೂ ಅನ್ಲಿಲ್ಲ. ನಿಮ್ಮ ಫೋಟೊ ಒಳಗೆ ಹೋಗೋ ಹಾಗೆ ಹಾಳೆ ಮಡಚಿ ಕೊಟ್ಟಳು."