ಮೇಷ್ಟ್ರ ಗಂಟಲಲ್ಲಿ ಮೂರು ಮಾತು

ಸ್ಕೂಲಿನ ನಲ್ಲಿ ದಾಟುವಷ್ಟರಲ್ಲಿ ಭಾನುವಿನ ತಲೆಯಿಂದ ಒಂದು ಮಾತು ಜಾರಿಬಿದ್ದಿತ್ತು. ದೊರೆಸ್ವಾಮಿ ಮೇಷ್ಟ್ರು ಹೆಡ್‌ಮಿಸ್‌ಗೆ ಹೇಳಿಕಳಿಸಿದ್ದು ಮೂರು. ಮ್ಯಾಪು, ಚಾಕ್‌ಪೀಸು... ಇನ್ನೊಂದು? ಅದನ್ನು ಹುಡುಕಲು ಹೋದರೆ ಚಾಕ್‌ಪೀಸೂ ಮಾಯ.

ಹೋದ ವರ್ಷ ಪ್ರೇಯರಿನಲ್ಲಿ ಫಿಟ್ಸ್ ಬಂದು ಬಿದ್ದ ಮೇಲೆ ಅವಳನ್ನು ಯಾರೂ ಯಾವ ಕೆಲಸಕ್ಕೂ ಕಳಿಸಿರಲಿಲ್ಲ. ಮಾತ್ರೆ ನುಂಗುತ್ತಾಳೆ, ಈಗ ಬೀಳುವುದಿಲ್ಲ. ಮೈಸೂರಿನ ಡಾಕ್ಟ್ರು ಹೇಳಿದ್ದರು: ತಲೆಯೆಂದರೆ ಟೆಲಿಫೋನ್ ಎಕ್ಸ್‌ಚೇಂಜ್ ಇದ್ದ ಹಾಗೆ. ಇವಳದರಲ್ಲಿ ಕೆಲವು ಲೈನು ಅದಲುಬದಲಾಗಿವೆ. ಒಟ್ಟಿಗೆ ಮೂರು ಕಾಲ್ ಬಂದರೆ ಒಂದು ಕಟ್ ಆಗುತ್ತದೆ, ಅಷ್ಟೇ. ದಡ್ಡಿಯಲ್ಲ.

ದಿನಾ ಇಂಥ ಕೆಲಸಕ್ಕೆ ಓಡುವ ಪುಟ್ಟಮಾದು ಇವತ್ತು ರಜ. ಹತ್ತು ಸಲ ಕೈಯೆತ್ತಿ ಗಿಟ್ಟಿಸಿದ ಚಾನ್ಸು. ಚೀಟಿ ಬರೆದುಕೊಡಲಾ ಎಂದು ಮೇಷ್ಟ್ರು ಕೇಳಿದಾಗ ಬೇಡವೆಂದು ಬೇರೆ ಜಂಬ ಕೊಚ್ಚಿದ್ದಳು. ಈಗ ವಾಪಸು ಹೋದರೆ ಮತ್ತೆ ಬೆಂಚೇ ಗತಿ.

ಮೇಷ್ಟ್ರು ಹೇಗೆ ಹೇಳಿದ್ದರು? ಮೊದಲು ಕೆಮ್ಮಿದ್ದರು. ಭಾನುವೂ ಕೆಮ್ಮಿದಳು. ಕೈ ಹಿಂದಕ್ಕೆ ಕಟ್ಟಿದಳು. ಇಲ್ಲದ ಹೊಟ್ಟೆಯನ್ನು ಮುಂದಕ್ಕೆ ಬಿಟ್ಟಳು. ಅರೆ, ಸಂತೆಮರಹಳ್ಳಿ ಸಂತೆಗೆ ಹೊರಟ ಕುರಿಗಳ ಹಾಗೆ ಮಾತುಗಳು ಸಾಲಾಗಿ ಬಂದವು! ನಡುವೆ ನಿಲ್ಲಿಸಿದರೆ ಚೆದುರಿಹೋದಾವು ಎಂದು ಹೊಟ್ಟೆ ಮುಂದಿಟ್ಟುಕೊಂಡೇ ಆಫೀಸ್ ರೂಮಿಗೆ ನುಗ್ಗಿದಳು.

"ಉಹ್ಹು, ಉಹ್ಹು. ಮೇಡಮ್ಮೋರೇ, ಇಂಡಿಯಾ ಮ್ಯಾಪು ಬೇಕು. ಚಾಕ್‌ಪೀಸು ಮುಗ್ದೋಯ್ತು. ಹಂಗಳದ ಬಸ್ಸು ಇವತ್ತು ಮೂರೂವರೆಗೇ ಒಂಟೋಯ್ತದೆ, ಅಲ್ಲಿನ ಮಕ್ಕಳ್ನ ಬೇಗ ಬುಡ್ಬೇಕು. ಆ ಮ್ಯಾಪು ಕೇಳಿ ಕೇಳಿ ನನ್ ತಲೆಕೂದ್ಲೆಲ್ಲ ಉದ್ರೋಯ್ತು ಕಣಮ್ಮಿ, ಇದ ಮಾತ್ರ ಯೋಳ್ಬೇಡ."

ಹೆಡ್‌ಮಿಸ್ ಗಂಗಾಂಬಿಕೆ ಮೇಡಂ ಪೆನ್ನು ಕೆಳಗಿಟ್ಟರು. ಭಾನುವಿನ ಹಿಂದೆ ಅಸಲಿ ಕೆಮ್ಮು ಕೇಳಿಸಿತು. ಇವಳು ನಲ್ಲಿಯ ಹತ್ತಿರ ನಿಂತುಬಿಟ್ಟದ್ದನ್ನು ಕಿಟಕಿಯಿಂದ ಕಂಡು ಗಾಬರಿಯಾಗಿ ಓಡಿಬಂದ ದೊರೆಸ್ವಾಮಿ ಮೇಷ್ಟ್ರು, ಬೋಳುತಲೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

ಮೇಡಂ ಅವರತ್ತ ನೋಡಲೇ ಇಲ್ಲ. ತುಟಿ ಬಿಗಿಹಿಡಿದು ನಗು ನುಂಗಿದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂದೊಂದೇ ಮಾತನ್ನು ಎಳೆದೆಳೆದು ಭಾನುವಿಗೆ ಹೇಳಿದರು.

"ಮ್ಯಾಪು ಬೀರುವಿನಲ್ಲಿದೆ. ಚಾಕ್‌ಪೀಸು ನಾಳೆ. ಹಂಗಳದ ಮಕ್ಕಳು ಈಗಲೇ ಹೊರಡಲಿ. ಹೋಗಿ ನಿಮ್ಮ ಮೇಷ್ಟ್ರಿಗೆ ತಿಳಿಸಮ್ಮ."

ಮೇಷ್ಟ್ರು ದಾಪುಗಾಲು ಹಾಕಿ ಮುಂದೆ ಹೋದರು. ಭಾನು ಕ್ಲಾಸಿಗೆ ಬರುವ ಹೊತ್ತಿಗೆ, ಎದ್ದೇ ಇಲ್ಲವೇನೋ ಎಂಬಂತೆ ಕುರ್ಚಿಯಲ್ಲಿ ಕೂತಿದ್ದರು.

"ಏನಂದ್ರಮ್ಮಿ ಮೇಡಮ್ಮು?"

ಇಡೀ ಕ್ಲಾಸು ತಿರುಗಿ ನೋಡಿತು. ಎಲ್ಲವನ್ನೂ ಅಲ್ಲೇ ನಿಂತು ಕೇಳಿಸಿಕೊಂಡವರು ಮತ್ತೆ ಯಾಕೆ ಕೇಳುತ್ತಾರೆ? ಭಾನುವಿಗೆ ಒಂದು ಗಳಿಗೆ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು.

ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು.