ಗಾಳಿಗೆ ಬಿದ್ದ ಬೇವು

ಜೂನ್ ಒಂಬತ್ತರ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮರಗೆಲಸದ ಗುತ್ತಿಗೆದಾರ ದಸ್ತಗಿರಿ ಹರಪನಹಳ್ಳಿ ಠಾಣೆಗೆ ಬಂದು ದೂರು ಕೊಟ್ಟ. ಮೆಕ್ಕೆಜೋಳ ವರ್ತಕರ ಸಂಘದ ಕಚೇರಿಯ ಒಳಾಂಗಣವನ್ನು ಹೊಸದಾಗಿ ಮಾಡುವ ಗುತ್ತಿಗೆ ಅವನದು. ಹಸಿಮರಕ್ಕೆ ಕೊಡಲಿ ಹಾಕಬಾರದು, ಈ ಸೀಮೆಯಲ್ಲಿ ತಾನಾಗಿ ಬಿದ್ದ ಮರವನ್ನೇ ಬಳಸಬೇಕು ಎಂಬುದು ಸಂಘದ ಕರಾರು. ಅದಕ್ಕೆಂದು ವರ್ಷದಿಂದ ಅವನ ಶೆಡ್ಡಿನಲ್ಲಿ ಒಣಗುತ್ತಿದ್ದ ಬೇವಿನ ಹಲಗೆಗಳು ಭಾನುವಾರ ಕಳುವಾಗಿದ್ದವು.

ಪಿಎಸ್‌ಐ ಗಂಗಾಂಬಿಕಾ ಎಫ್‌ಐಆರ್ ದಾಖಲಿಸಿ, ಪೇದೆ ಓಬಳೇಶನನ್ನು ಕರೆದುಕೊಂಡು ಶೆಡ್ಡಿಗೆ ಹೋದಳು. ಬೀಗ ಒಡೆದಿರಲಿಲ್ಲ.

"ಕೀಲಿ ಯಾರ್ಯಾರ ಹತ್ರ ಐತಿ?"

"ನನ್ ಹತ್ರ ಒಂದು, ನನ್ ಕೈಕೆಳಗಿನ ಬಡಗಿ ಮುಬಶ್ಶಿರನ ಹತ್ರ ಒಂದು. ಅವನ ಮ್ಯಾಲೆ ಅನುಮಾನ ಬ್ಯಾಡ್ರಿ ಮೇಡಂ. ಉಳಿ ಹಿಡಿಯೋದು ಕಲಿಸಿದ್ದು ನಾನಾ. ಮಗ ಇದ್ದಂಗ."

"ಸೌದಿ ಮಾಡಿ ಮಾರ್ಯಾರ ಬಿಡ್ರಿ," ಎಂದ ಓಬಳೇಶ. "ಒಣಗಿದ ಬೇವು ಅಂದ್ರ ಹೋಟೆಲಿನೋರು ಬಾಯಿ ಬಿಡ್ತಾರ."

ಗಂಗಾಂಬಿಕಾ ಬರಿದಾದ ನೆಲವನ್ನೇ ನೋಡುತ್ತಿದ್ದಳು. "ಹಲಗಿ ನಡುವೆ ಏನಿಟ್ಟಿದ್ರಿ?"

"ಬಿದಿರಿನ ಪಟ್ಟಿ. ಗಾಳಿ ಆಡಬೇಕಲ್ರಿ, ಇಲ್ಲಾಂದ್ರ ಹಲಗಿ ಬಾಗತೈತಿ."

"ಅವೆಲ್ಲಿ?"

ದಸ್ತಗಿರಿ ಸುತ್ತ ನೋಡಿದ. ಒಂದೂ ಇರಲಿಲ್ಲ. ಒಲೆಗೆ ಮಾರುವ ಕಳ್ಳ ಕಾಸಿಗೆ ಬಾರದ ಪಟ್ಟಿಗಳನ್ನು ಆರಿಸಿಕೊಂಡು ಕೂರುವುದಿಲ್ಲ ಎಂದುಕೊಂಡ ಗಂಗಾಂಬಿಕಾ ಮತ್ತೆ ಕೇಳಿದಳು. "ಮರ ಯಾರದು?"

"ಮುಬಶ್ಶಿರನ ತಾಯಿ ಜುಬೇದಾ ಬೀಯದು. ಹೋದ ವರ್ಷ ಗಾಳಿಗೆ ಅಂಗಳದಾಗ ಬಿತ್ತು. ಪುಕ್ಕಟಿ ಕೊಟ್ಳು."

"ಪುಕ್ಕಟಿ ಯಾಕ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಸಂಘದ ಅಧ್ಯಕ್ಷರ ಮೇಜು ನಿನ್ ಮಗನ ಕೈಲಿ ಮಾಡಸ್ತೀನಿ ಅಂದಿದ್ದೆ."

"ಮಾಡಸ್ತಿದ್ರಾ?"

"ಆ ಕೆಲಸ ದಾವಣಗೆರೆ ಕಾರ್ಖಾನಿಗೆ ಕೊಟ್ಟೀನ್ರಿ. ಮಷೀನ್ ಕೆಲಸ ನುಣುಪು ಬರತೈತಿ. ಇವನಿಗೆ ಪಾಲಿಶ್ ಕೆಲಸ ಇಟ್ಟೀನಿ. ಮೊನ್ನೆ ಶನಿವಾರ ಅವನಿಗೆ ಹೇಳೀನಿ."

"ಮಗ ಇದ್ದಂಗ ಅಂದ್ರಲ್ಲ."

ದಸ್ತಗಿರಿ ಶೆಡ್ಡಿಗೆ ಬೀಗ ಹಾಕಿದ.

ಅಲ್ಲಿಂದ ಮೂವರೂ ನೇರ ಜುಬೇದಾ ಬೀಯ ಮನೆಗೆ ಹೋದರು. ಬೇವು ನಿಂತಿದ್ದ ಜಾಗದಲ್ಲಿ ನೆರಳಿಲ್ಲದ ಬಿಸಿಲಿಗೆ ಮಂಚ ಹಾಕಿತ್ತು. ಮುದುಕಿ ಅದರ ಮೇಲೆ ಕೂತಿದ್ದಳು.

"ಮಂಚ ಯಾಕ ಹೊರಗೈತಿ ಅಮ್ಮಾ?"

"ಒಳಗ ಜಾಗ ಇಲ್ಲವ್ವ."

ಒಳಗೆ ಮಂಚದ ಜಾಗದಲ್ಲಿ ಹಲಗೆಗಳು ಇಟ್ಟಿಗೆಯ ಮೇಲೆ ಎತ್ತರವಾಗಿ, ನಡುನಡುವೆ ಬಿದಿರಿನ ಪಟ್ಟಿ ಹೊತ್ತು ಒಣಗುತ್ತಿದ್ದವು. ಪಕ್ಕದಲ್ಲೇ ಮುಬಶ್ಶಿರ ನಿಂತಿದ್ದ.

"ನಾನಾ ತಂದೀನಿ. ಬರಕೊಳ್ರಿ ಮೇಡಂ."

"ನಾ ನಂಬಿ ಕೊಟ್ಟ ಕೀಲಿಯಿಂದ ನನ್ ಶೆಡ್ಡೇ ತಗದ್ಯಲ್ಲೋ," ಎಂದ ದಸ್ತಗಿರಿ.

ಮುಬಶ್ಶಿರ ಕೀಲಿಯನ್ನು ಅವನ ಅಂಗೈಯಲ್ಲಿಟ್ಟ. "ತಗೊ ಉಸ್ತಾದ್. ವರ್ಷ ಪೂರ್ತಿ ಇವನ್ನ ಹೊರಳಿಸಿ ಹಾಕ್ದೆ. ಯಾವ ಹಲಗಿ ಮೇಜಿನ ಮ್ಯಾಲೆ ಬರತೈತಿ ಅಂತ ನೀನಾ ತೋರಿಸಿದ್ದಿ. ಈಗ ಪಾಲಿಶ್ ಹಚ್ಚು ಅಂದಿ."

ಪಂಚರ ಸಮಕ್ಷಮ ಪಂಚನಾಮೆ ಮುಗಿಯಿತು. ಹನ್ನೆರಡಕ್ಕೆ ಮುಬಶ್ಶಿರನ ಬಂಧನವಾಯಿತು. ಮಾರಿಕೊಳ್ಳುವ ಆಸೆ ಅವನಿಗೆ ಇರಲೇ ಇಲ್ಲ. ತಾಯಿ ತನ್ನ ಹೆಸರಿಗೆಂದು ಬಿಟ್ಟುಕೊಟ್ಟ ಮರ ಇನ್ನೊಬ್ಬರ ಗರಗಸಕ್ಕೆ ಹೋಗುವುದನ್ನು ಅವನಿಂದ ನೋಡಲಾಗಲಿಲ್ಲ, ಅಷ್ಟೇ. ಕಳವು ಕಳವೇ ಎಂದು ಗಂಗಾಂಬಿಕಾಳಿಗೆ ಗೊತ್ತಿತ್ತು. ಮೊದಲು ಮುರಿದ ಮಾತಿಗೆ ಅವಳ ಕಾನೂನಿನಲ್ಲಿ ಕಲಂ ಇರಲಿಲ್ಲ.

ಓಬಳೇಶ ಹಲಗೆಗಳನ್ನು ಟೆಂಪೋದೊಳಗೆ ಒಂದರ ಮೇಲೊಂದು ಅಡಕುತ್ತಿದ್ದ. ಜೀಪಿನೊಳಗಿಂದ ಮುಬಶ್ಶಿರ ಕೂಗಿದ, "ಓಬಳೇಶಣ್ಣ, ನಡುವೆ ಪಟ್ಟಿ ಇಡ್ರಿ. ಕೇಸು ಮುಗಿಯೋದ್ರಾಗ ಬಾಗಿ ಹೋಗ್ತಾವ."

ಹಲಗೆ ಎತ್ತುವಾಗ ತೆಗೆದ ಪಟ್ಟಿಗಳೆಲ್ಲ ಜುಬೇದಾ ಬೀಯ ತೊಡೆಯ ಮೇಲಿದ್ದವು. ದಸ್ತಗಿರಿ ಅಭ್ಯಾಸಬಲದಿಂದ ಕೈ ಚಾಚಿದ. ಮುದುಕಿ ಆ ಕೈಗೆ ಕೊಡದೆ, ಪಟ್ಟಿಗಳನ್ನು ಓಬಳೇಶನಿಗೆ ಕೊಟ್ಟಳು.